ಸುಮಿತ್ರಮ್ಮ ಹಿಡಿದ ವ್ರತಗಳು

೧

ಎಲ್ಲಿಂದ ಶುರು ಮಾಡುವುದು ಎಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ.

ಹೀಗೆ ಶುರು ಮಾಡಬಹುದು: ಬಚ್ಚಲುಮನೆಯ ಹಿಂದೆ, ದಾಸವಾಳದ ಬೇಲಿಯ ಮರೆಯಲ್ಲಿ ಒಂದು ಹಗ್ಗ ಕಟ್ಟಿದೆ. ಆ ಹಗ್ಗದ ಮೇಲೆ ಎರಡು ತಿಂಗಳಿಂದ ಬಟ್ಟೆ ಒಣಗಿಲ್ಲ. (ಯಾವ ಬಟ್ಟೆ ಎಂದು ಬಿಡಿಸಿ ಹೇಳಬೇಕೆ? ಹೆಂಗಸರಿಗೆ ಆಗಲೇ ಗೊತ್ತಾಗಿದೆ. ಗಂಡಸರು ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ. ಕೇಳಲು ಧೈರ್ಯ ಸಾಲದವರು, ನನ್ನಂಥವರು, ಸುಮ್ಮನೆ ಮುಂದೆ ಓದಿ.)

ಅಥವಾ 1931ರ ಜನಗಣತಿಯಿಂದ ಶುರು ಮಾಡಬಹುದು. ಬ್ರಿಟಿಷರ ಕಾಲದ ಕೊಡಗು, ಅದರ ಉತ್ತರದ ತುದಿಯಲ್ಲಿ ಕೊಡ್ಲಿಪೇಟೆ. ಭತ್ತ, ಏಲಕ್ಕಿ ಬೆಳೆಯುವ ಮಲ್ಲಪ್ಪನ ಜಗಲಿಯ ಮೇಲೆ ಕುಳಿತ ಗಣತಿಯವರು ಮನೆಯಾಕೆಯ ವಯಸ್ಸು ಕೇಳುತ್ತಾರೆ. ಮಲ್ಲಪ್ಪ ತಲೆ ಕೆರೆದುಕೊಂಡು, "ಮೂವತ್ತೈದು ಬರ್ಕಳಿ" ಎನ್ನುತ್ತಾನೆ. ಹಿರಿಯ ಮಗಳಿಗೆ? "ಇಪ್ಪತ್ತಾರು." ಒಳಗೆ ಒಲೆಯ ಮುಂದೆ ಕೂತ ಹೆಂಡತಿ ಸುಮಿತ್ರಮ್ಮ ಮನಸ್ಸಿನಲ್ಲೇ ಕಳೆದು ನೋಡಿ, ಹಾಗಾದರೆ ನಾನು ಒಂಬತ್ತನೇ ವಯಸ್ಸಿಗೇ ಹೆತ್ತೆನಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಈ ಆರಂಭ ನನಗೆ ಇಷ್ಟ. ಆದರೆ ಕಥೆ ನಡೆಯುವುದು ಮೂರು ವರ್ಷ ಬಿಟ್ಟು. ಮೊದಲೇ ನಗಿಸಿ ಆಮೇಲೆ ಹೆದರಿಸಿದರೆ ನೀವು ಬೈಯಬಹುದು.

ಸಂಜೆ ತರಗತಿಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು: ವಿಷಯ ಏನೆಂದು ಮೊದಲೇ ಹೇಳು, ಓದುವವರನ್ನು ಬಾಗಿಲಲ್ಲಿ ನಿಲ್ಲಿಸಬೇಡ. (ಅದೇ ಮೇಷ್ಟ್ರು ಸೈನ್ಸ್ ಪುಸ್ತಕದ ಸಂತಾನೋತ್ಪತ್ತಿ ಪಾಠ ಬಂದಾಗ, "ಇದನ್ನ ಮನೇಲಿ ಓದ್ಕೊಳಿ" ಎಂದು ಪುಟ ಮಗುಚಿದರು. ನಾನು ಇವತ್ತು ಪಡುತ್ತಿರುವ ಪಾಡಿಗೆ ಅವರೂ ಸ್ವಲ್ಪ ಕಾರಣ.)

ಸರಿ, ಹೇಳಿಬಿಡುತ್ತೇನೆ. 1934. ಸುಮಿತ್ರಮ್ಮನಿಗೆ ನಿಜವಾಗಿ ನಲವತ್ತೈದು. ಒಂಬತ್ತು ಹೆತ್ತಿದ್ದಾಳೆ, ಐದು ಉಳಿದಿವೆ. ನಾಲ್ಕು ವರ್ಷದ ಹಿಂದೆ ಒಂಬತ್ತನೆಯ ಹೆರಿಗೆಯಲ್ಲಿ ಮಗು ಹೋಯಿತು. ಮೂರು ದಿನ ರಕ್ತ ನಿಲ್ಲದೆ ತಾಯಿಯೂ ಹೋಗುವುದರಲ್ಲಿದ್ದಳು. ಸೂಲಗಿತ್ತಿ ದೊಡ್ಡಿ ಆವತ್ತು ಕೈ ತೊಳೆಯುತ್ತ ಹೇಳಿದ್ದಳು: "ಇನ್ನೊಂದಕ್ಕೆ ನನ್ನ ಕರೀಬ್ಯಾಡಿ ಅಮ್ಮೋರೆ. ಗುಂಡಿ ತೋಡೋರ್ನ ಕರೀರಿ."

ಈಗ ಎರಡು ತಿಂಗಳಿಂದ ಮುಟ್ಟು ನಿಂತಿದೆ. ಬಸಿರೋ? ಅಥವಾ ವಯಸ್ಸಾಗಿ, ಕೊನೆಗೂ, ಪೂರ್ತಿಯಾಗಿ ನಿಂತಿತೋ? ಒಂದಾದರೆ ಸಾವು, ಇನ್ನೊಂದಾದರೆ ಬದುಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಇಷ್ಟೇ ಕಥೆ.

೨

ಮೊದಲು ನೋಡಿದವಳು ಅತ್ತೆ ಹಾಲಮ್ಮ. ಗೌರಿ ಹಬ್ಬದ ಹಿಂದಿನ ದಿನ.

"ಸುಮಿತ್ರ, ಹಗ್ಗ ಖಾಲಿ ಐತಲ್ಲೆ."

"ಮಳೆ ಅಲ್ವಾ ಅತ್ತೆ. ಒಳಗೆ ಒಣಗಿಸ್ತೀನಿ."

"ಒಳಗೆ ಎಲ್ಲಿ ಒಣಗಿಸ್ತೀಯ, ನನ್ನ ತಲೆ ಮ್ಯಾಲೆ? ಮನೆಯೆಲ್ಲಾ ಓಡಾಡೋಳು ನಾನು. ಎರಡು ತಿಂಗಳಾತು. ಎಣಿಸ್ತಾ ಇದೀನಿ."

ಸುಮಿತ್ರಮ್ಮ ಕಡುಬಿನ ಹಿಟ್ಟು ನಾದುತ್ತಲೇ ಇದ್ದಳು. ಹಾಲಮ್ಮ ಹತ್ತಿರ ಬಂದು ಸೊಸೆಯ ಗಲ್ಲ ಹಿಡಿದು ಮುಖ ಎತ್ತಿದಳು.

"ನಾಕು ವರ್ಷ ಆ ಪಾಟಿ ವ್ರತ ಹಿಡಿದೆಯಲ್ಲ, ಈಗ ಫಲ ಬಂತು ಕಣೆ. ಮನೆಗೊಬ್ಬನೇ ಗಂಡು ಸಾಲಲ್ಲ ಅಂತ ನಾನು ಬಾಯಿಬಿಟ್ಟು ಹೇಳ್ಲಿಲ್ಲ. ನಿಂಗೇ ಗೊತ್ತಾತು. ಅದಕ್ಕೆ ಮಾಡಿದೆ."

ಹಬ್ಬದ ದಿನ ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಶನಿವಾರಸಂತೆಗೆ ಏಲಕ್ಕಿ ಒಯ್ದ ಮಲ್ಲಪ್ಪ ಕಲ್ಲುಸಕ್ಕರೆ ಕಟ್ಟಿಸಿಕೊಂಡು ಬಂದ. ಹೆಂಡತಿಯ ಕೈಗೆ ಪೊಟ್ಟಣ ಕೊಡುವಾಗ ಅವನ ಮುಖದಲ್ಲಿ ಖುಷಿಯಿತ್ತೋ ಹೆದರಿಕೆಯಿತ್ತೋ ಎಂದು ನಾನು ಗಮನಿಸಲಿಲ್ಲ. ಅದು ನನ್ನ ತಪ್ಪು. ಮುಂದೆ ಅದಕ್ಕೆ ಬೆಲೆ ತೆರುತ್ತೇನೆ.

ಪಕ್ಕದ ಮನೆಯ ಯಮುನ ಸಂಜೆ ಬಂದಳು. ಮೂವತ್ತನಾಲ್ಕು ವರ್ಷ, ಮದುವೆಯಾಗಿ ಹದಿನೆಂಟು, ಮಕ್ಕಳಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕ, ನಿಮ್ಮ ವ್ರತ ನಂಗೂ ಹೇಳ್ಕೊಡ್ತೀರಾ?"

ಸುಮಿತ್ರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

೩

(ಮೂರನೇ ಭಾಗದ ಮೊದಲ ಡ್ರಾಫ್ಟ್ ಹರಿದು ಹಾಕಿದ್ದೇನೆ. ಅದರಲ್ಲಿ ಮಲ್ಲಪ್ಪ ಕುಡುಕನಾಗಿದ್ದ, ಹೆಂಡತಿಯನ್ನು ಹೊಡೆಯುತ್ತಿದ್ದ. ಬರೆಯುತ್ತಿರುವಾಗಲೇ ಅವನು ಜಗಲಿಯಿಂದ ಎದ್ದು ಬಂದು ನನ್ನ ಮುಂದೆ ನಿಂತ.

"ಸ್ವಾಮಿ, ನಾನು ಬೀಡಿನೂ ಸೇದಲ್ಲ."

"ಗೊತ್ತು ಮಲ್ಲಪ್ಪನವರೆ. ಕಥೆಗೆ ಒಬ್ಬ ಕೆಟ್ಟವ ಬೇಕು."

"ಬೇಕಾದ್ರೆ ಮಳೆನ ಕೆಟ್ಟದ್ದು ಮಾಡ್ಕಳಿ. ನನ್ನ ಯಾಕೆ?"

ಕ್ಷಮೆ ಕೇಳಿ ಹೊಸ ಹಾಳೆ ತೆಗೆದುಕೊಂಡೆ.)

ಸುಮಿತ್ರಮ್ಮನ ವ್ರತಗಳ ಗುಟ್ಟು ಇದು. ದೊಡ್ಡಿ ಹಾಗೆಂದ ಮೇಲೆ, ಬಾಣಂತನದ ಚಾಪೆಯಲ್ಲಿ ಮಲಗಿಕೊಂಡೇ ಅವಳು ಒಂದು ದಾರಿ ಹುಡುಕಿದಳು. ಗಂಡನಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ದೇವರಿಗೆ ಬೇಡ ಎನ್ನಲು ಗಂಡನಿಗೆ ಬಾಯಿ ಬರುವುದಿಲ್ಲ. ವ್ರತ ಹಿಡಿದವರು ದೇವರ ಕೋಣೆಯಲ್ಲಿ ಬೇರೆ ಚಾಪೆ ಹಾಕಿ ಮಲಗಬೇಕು. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಸೋಮವಾರ ಶಿವನಿಗೆ, ಅದು ಹೇಗೂ ಮನೆಯಲ್ಲಿ ಇದ್ದದ್ದೇ. ಮಂಗಳವಾರ, ಶುಕ್ರವಾರ ಗೌರಿಗೆ. ಗುರುವಾರ ಮಠದ ಹಿಂದಿನ ಗುರುಗಳ ಹೆಸರಲ್ಲಿ. ಭಾನುವಾರ ಕಣ್ಣುರಿಗೆಂದು ಸೂರ್ಯನಿಗೆ. ಶ್ರಾವಣ, ಕಾರ್ತೀಕ ಪೂರ್ತಿ ತಿಂಗಳು. ಶನಿವಾರಕ್ಕೆ ದೇವರ ಅಗತ್ಯ ಬೀಳಲಿಲ್ಲ. ಆವತ್ತು ಮಲ್ಲಪ್ಪ ಶನಿವಾರಸಂತೆಗೆ ಹೊರೆಯೆತ್ತಿನ ಹಿಂದೆ ನಡೆದು ಹೋಗಿ, ನಡೆದು ಬಂದು, ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದ.

ಉಳಿದದ್ದು ಬುಧವಾರ. ಬುಧವಾರಕ್ಕೆ ಅವಳಿಗೆ ಯಾವ ದೇವರೂ ಸಿಗಲಿಲ್ಲ. ಬುಧವಾರ ತಲೆನೋವು.

ಊರು ಇದನ್ನೆಲ್ಲ ನೋಡಿತು. ಇಷ್ಟು ಕಠಿಣ ವ್ರತ ಹೆಂಗಸು ಹಿಡಿಯುವುದು ಮಗುವಿಗಲ್ಲದೆ ಇನ್ನೇತಕ್ಕೆ ಎಂದು ತಾನೇ ತೀರ್ಮಾನಿಸಿತು. ಸುಮಿತ್ರಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ಸುಮ್ಮನಿರುವಿಕೆ ನಾಲ್ಕು ವರ್ಷ ಅವಳನ್ನು ಕಾಪಾಡಿತು.

ಈಗ ಯಮುನ ಎದುರಿಗೆ ನಿಂತಿದ್ದಾಳೆ. ನಿಜ ಹೇಳಿದರೆ ಬೆಳಗಾಗುವುದರೊಳಗೆ ಹಾಲಮ್ಮನ ಕಿವಿಗೆ ಬೀಳುತ್ತದೆ. ಸುಳ್ಳು ಹೇಳಿದರೆ?

ಸುಮಿತ್ರಮ್ಮ ಸುಳ್ಳು ಹೇಳಿದಳು. ಅಂದರೆ, ವಾರಗಳನ್ನು ಒಂದೊಂದಾಗಿ ಹೇಳಿಕೊಟ್ಟಳು. ಮಗು ಬೇಕೆಂದು ಹದಿನೆಂಟು ವರ್ಷ ಕಾದ ಹೆಂಗಸು ಮಾರನೆಯ ದಿನದಿಂದಲೇ ಗಂಡನಿಂದ ದೂರ ಚಾಪೆ ಹಾಕಿದಳು.

(ಇದನ್ನು ಬರೆದು ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ನನ್ನ ನಾಯಕಿ ಇಂಥ ಕೆಲಸ ಮಾಡುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಅಳಿಸಲು ಹೋದೆ. "ಇರ್ಲಿ ಬಿಡಪ್ಪ, ಮಾಡಿದ್ದು ಮಾಡಿದೀನಿ" ಎಂದಳು.)

೪

ಅಲ್ಲಾ, ಇಷ್ಟೆಲ್ಲ ಕಾವಲಿದ್ದ ಮೇಲೆ ಬಸಿರಿನ ಭಯ ಯಾಕೆ ಎಂದು ನೀವು ಕೇಳುತ್ತೀರಿ. ನಾನೂ ಸುಮಿತ್ರಮ್ಮನನ್ನೇ ಕೇಳಿದೆ.

"ಆಷಾಢದಲ್ಲಿ ಒಂದು ಬುಧವಾರ" ಎಂದಳು.

"ಅವರು ಬಲವಂತ..."

"ಇಲ್ಲ. ನಾನೇ ಕರೆದೆ. ಹಂಗಂತಲೇ ಬರಿ."

ನನಗೆ ಕಿವಿ ಬಿಸಿಯಾಯಿತು.

"ಮೂರು ದಿನದಿಂದ ಮಳೆ ಹುಯ್ತಿತ್ತು. ಚಳಿ. ಮನುಷ್ಯ ಮೂಲೇಲಿ ಕೂತ್ಕಂಡು ನನ್ನ ಹರಿದ ರವಿಕೆಗೆ ತಾನೇ ಹೊಲಿಗೆ ಹಾಕ್ತಿದ್ರು, ಸೂಜಿ ಚುಚ್ಕಂಡು. ನೋಡಿ ಕರೆದೆ. ಬರ್ಕಂಡೆಯಾ?"

ಬರೆದುಕೊಂಡೆ.

ಆಮೇಲೆ, ಅವಳಿಗೆ ಸಮಾಧಾನ ಮಾಡೋಣವೆಂದು, ನಾನು ಈಗ ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡದ್ದನ್ನು ಹೇಳಿದೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಪಾಲಿನ ಅಂಡಾಣುಗಳೆಲ್ಲ ಅವಳೊಳಗೇ ಇರುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ, ಇದ್ದದ್ದೇ ಕಡಿಮೆಯಾಗುತ್ತ ಹೋಗುತ್ತದೆ. ಮೂವತ್ತೈದರ ಆಚೆಗೆ ಇನ್ನೂ ಬೇಗ ಬೇಗ. ಅವಳ ಹೆರಿಗೆಗಳನ್ನೇ ನೋಡಿ: ಮೊದಲ ನಾಲ್ಕು ಎರಡೆರಡು ವರ್ಷಕ್ಕೆ. ಆಮೇಲೆ ಮೂರಕ್ಕೊಂದು, ನಾಲ್ಕಕ್ಕೊಂದು. ಕೊನೆಯದಕ್ಕೆ ಐದು ವರ್ಷ ಹಿಡಿಯಿತು. ಹೆರುವ ಸಾಧ್ಯತೆಯ ಗ್ರಾಫ್ ಹಾಕಿದರೆ ಗೆರೆ ಚೆನ್ನಾಗಿ ಇಳಿಯುತ್ತದೆ. ಅದೂ ಅಲ್ಲದೆ ಈ ಒಂದು ವರ್ಷದಿಂದ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಐವತ್ತು ದಿನಕ್ಕೆ ಬರುತ್ತಿತ್ತಲ್ಲ, ಅದು ಮುಗಿಯುವ ಲಕ್ಷಣ. ನಲವತ್ತೈದಕ್ಕೆ ಬಸಿರಾಗುವುದು ಬಹಳ ಅಪರೂಪ.

"ಅಪರೂಪ ಅಂದ್ರೆ ಎಷ್ಟು?"

"ನೂರು ಜನರಲ್ಲಿ ಆ ತಿಂಗಳು ಒಬ್ಬರೋ ಏನೋ."

"ಆ ಒಬ್ಬಳು ನಾನಲ್ಲ ಅಂತ ಹೇಳು."

ನನ್ನಿಂದ ಹೇಳಲಾಗಲಿಲ್ಲ. ಕಥೆ ಬರೆಯುವವನು ನಾನೇ. ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಆದರೂ ಆಗಲಿಲ್ಲ.

೫

ಆಗಲಿಲ್ಲ ಯಾಕೆಂದರೆ, ನಿಜ ಹೇಳುತ್ತೇನೆ, ನನ್ನ ಬಳಿ ಎರಡು ಮುಕ್ತಾಯಗಳು ಆಗಲೇ ತಯಾರಿದ್ದವು. ಎರಡರಲ್ಲೂ ಅವಳು ಬಸುರಿ.

ಮುಕ್ತಾಯ ಒಂದು. ಹತ್ತನೇ ಹೆರಿಗೆ. ಮಳೆ. ದೊಡ್ಡಿ ಬರುವುದಿಲ್ಲ. ಮಗು ಅಳುತ್ತದೆ, ತಾಯಿ ಕಣ್ಣು ಮುಚ್ಚುತ್ತಾಳೆ. ಕೊನೆಯ ಪ್ಯಾರಾ ಬರೆದು ನಾನೇ ಅತ್ತಿದ್ದೆ. ಸ್ಪರ್ಧೆಗೆ ಕಳಿಸಿದರೆ ಖಂಡಿತ ಬಹುಮಾನ.

ಸುಮಿತ್ರಮ್ಮ ಪೂರ್ತಿ ಕೇಳಿಸಿಕೊಂಡಳು. "ಚೆನ್ನಾಗೈತೆ. ನನ್ನ ಬದ್ಲು ನೀನು ಹೆರು, ನೀನು ಸಾಯಿ. ನಾನು ಕೂತು ಅಳ್ತೀನಿ."

ಮುಕ್ತಾಯ ಎರಡು. ಪವಾಡದಂತೆ ತಾಯಿ ಮಗು ಇಬ್ಬರೂ ಉಳಿಯುತ್ತಾರೆ. ಗಂಡು. ದೊಡ್ಡವನಾಗಿ ಧ್ವಜ ಹಿಡಿದು ಮೆರವಣಿಗೆ ಹೋಗುತ್ತಾನೆ, ಜೈಲಿಗೆ ಹೋಗುತ್ತಾನೆ, ದೇಶ ಬಿಡುಗಡೆಯಾದ ದಿನ ಮುದಿತಾಯಿಯ ಕಾಲಿಗೆ ಬೀಳುತ್ತಾನೆ. (ಆಗ ಅವನಿಗೆ ಹನ್ನೆರಡೇ ವರ್ಷವಾಗಿರುತ್ತದೆ ಎಂಬ ಲೆಕ್ಕ ನಾನು ಹಾಕಿರಲಿಲ್ಲ.)

"ಅಲ್ಲ ಕಣಪ್ಪ" ಎಂದಳು. "ದೇಶದ ಬಿಡುಗಡೆ ಆಗ್ಲಿ, ಬ್ಯಾಡ ಅನ್ನಲ್ಲ. ಅದಕ್ಕೂ ನನ್ನ ಹೊಟ್ಟೆನೇ ಬೇಕಾ? ಹೆತ್ತಿರೋ ಐದರಲ್ಲಿ ಯಾವ್ದನ್ನಾದ್ರೂ ಕರ್ಕಂಡು ಹೋಗು. ಸಣ್ಣೋಳಿಗೆ ಒಂಬತ್ತು ವರ್ಷ, ಭಾಳ ಜೋರಿದಾಳೆ."

ಎರಡನ್ನೂ ಹರಿದೆ. ಮೂರನೆಯದು ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಅವಳ ಹಿಂದೆ ಹೋದೆ.

೬

ಅವಳು ಹೋದದ್ದು ದೊಡ್ಡಿಯ ಗುಡಿಸಲಿಗೆ. ನವರಾತ್ರಿ ಕಳೆದ ಮೇಲೆ, ಸೊಪ್ಪು ತರುವ ನೆಪ ಹೇಳಿ. ದೊಡ್ಡಿಗೆ ಮಲ್ಲಪ್ಪನ ಮನೆಯ ಹಿತ್ತಲಿನಿಂದಾಚೆಗೆ ಪ್ರವೇಶವಿಲ್ಲ. ಹೆರಿಗೆಯ ಹೊತ್ತಿನಲ್ಲಿ ಮಾತ್ರ ನಡುಮನೆ ದಾಟಿ ಒಳಗೆ ಬರುತ್ತಾಳೆ, ಮುಗಿದ ಮೇಲೆ ಅದೇ ಬಾಗಿಲಲ್ಲಿ ಹೊರಗೆ. ಆ ಮನೆಯ ಐದು ಜೀವಗಳನ್ನು ಈ ಲೋಕಕ್ಕೆ ಎಳೆದುಕೊಂಡವಳು ಅವಳೇ.

ದೊಡ್ಡಿ ಹೊಟ್ಟೆ ಒತ್ತಿ ನೋಡಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದಳು.

"ಹೇಳಕ್ಕಾಗಕಿಲ್ಲ ಅಮ್ಮೋರೆ. ಒಂಬತ್ತು ಹೆತ್ತ ಹೊಟ್ಟೆ, ಸುಮ್ಕೆ ಇದ್ರೂ ತುಂಬ್ದಂಗೇ ಇರ್ತದೆ."

"ಬೇರು ಏನಾದ್ರೂ ಕೊಡ್ತೀಯಾ?"

"ಕೊಡಕಿಲ್ಲ. ಒಳಗೆ ಕೂಸಿಲ್ದೆ ಹೋದ್ರೆ ಆ ಬೇರು ನಿಮ್ಮನ್ನೇ ತಿಂತದೆ. ಕೂಸಿದ್ರೆ ಇಬ್ಬರ್ನೂ." ದೊಡ್ಡಿ ಕೈ ಒರೆಸಿಕೊಂಡಳು. "ಮಾರ್ಗಶಿರದ ತಂಕ ಕಾಯಿರಿ. ಕೂಸಾದ್ರೆ ಅಷ್ಟೊತ್ತಿಗೆ ಒಳಗೆ ಮಿಸುಕ್ತದೆ, ನಿಮಗೆ ನಾನು ಹೇಳ್ಕೊಡ್ಬೇಕಾ. ಮಿಸುಕ್ನಿಲ್ಲ ಅಂದ್ರೆ, ಮೈ ಕೆಂಡದಂಗೆ ಕಾದು ಬೆವರು ಕಿತ್ಕಂಡು ಬಂತು ಅಂದ್ರೆ, ನಿಮ್ಮ ಗಾಡಿ ಘಾಟಿ ಹತ್ತಿ ಮುಗೀತು ಅಂತ."

"ಮಿಸುಕಿದ್ರೆ?"

ದೊಡ್ಡಿ ಒಲೆಗೆ ಒಂದು ಸೌದೆ ದೂಡಿದಳು.

"ಕರೀರಿ. ಬತ್ತೀನಿ. ಆವತ್ತು ಸಿಟ್ಟಲ್ಲಿ ಅಂದಿದ್ದೆ."

೭

ಕಾಯುವುದನ್ನು ಹೇಗೆ ಬರೆಯುವುದು? ಏನೂ ನಡೆಯುವುದಿಲ್ಲ. ಅವಳು ನೀರು ಸೇದುತ್ತಾಳೆ, ಭತ್ತ ಕುಟ್ಟುತ್ತಾಳೆ, ಮಧ್ಯೆ ಮಧ್ಯೆ ಕೈ ನಿಲ್ಲಿಸಿ ಹೊಟ್ಟೆಗೆ ಕಿವಿಗೊಡುತ್ತಾಳೆ. ಒಮ್ಮೆ ಏನೋ ಹೊರಳಿದ ಹಾಗಾಗಿ ಗೋಡೆ ಹಿಡಿದು ಕೂತಳು. ಅವರೆಕಾಳಿನ ವಾಯು. (ಇಂಥದ್ದನ್ನೆಲ್ಲ ಬರೆಯಬೇಕೆ? ಬರೆಯದೆ ಬಿಟ್ಟರೆ ಅವಳ ಆ ಅರ್ಧ ಗಂಟೆಯ ನರಕ ಯಾರಿಗೂ ಗೊತ್ತಾಗುವುದಿಲ್ಲ.)

ಹುಳಿ ಎಂದರೆ ಅವಳಿಗೆ ಪ್ರಾಣ. ಈಗ ಮುಟ್ಟುವಂತಿಲ್ಲ. ಮಾವಿನಕಾಯಿ ಉಪ್ಪಿನಕಾಯಿಗೆ ಕೈ ಹಾಕಿದರೆ ಸಾಕು, ಹಾಲಮ್ಮ ಸೊಂಟ ನೋವಿದ್ದರೂ ಎದ್ದು ಹೋಗಿ ಬಸುರಿಯ ಬಯಕೆ ಎಂದು ಬೀದಿಗೆ ಹೇಳಿ ಬರುತ್ತಿದ್ದಳು.

ಅತ್ತ ಯಮುನ ದಿನಕ್ಕೊಮ್ಮೆ ಬಂದು ವರದಿ ಕೊಡುತ್ತಿದ್ದಳು. ಒಂದೂ ವಾರ ತಪ್ಪಿಸಿಲ್ಲ ಅಕ್ಕ. ಕಾರ್ತೀಕ ಪೂರ್ತಿ ಚಾಪೆ ಮೇಲೇ ಅಕ್ಕ. ನಮ್ಮ ಮನೆಯವರು ಬೈತಾರೆ, ಆದ್ರೂ ಬಿಟ್ಟಿಲ್ಲ ಅಕ್ಕ. ಮೂವತ್ತನಾಲ್ಕು ವರ್ಷದವಳ ಒಂದೊಂದು ತಿಂಗಳೂ ಎಷ್ಟು ಬೆಲೆಯದ್ದು ಎಂದು ನನಗೆ ಪುಸ್ತಕದಿಂದ ಗೊತ್ತು. ಸುಮಿತ್ರಮ್ಮನಿಗೆ ಪುಸ್ತಕ ಬೇಕಿರಲಿಲ್ಲ. ತನ್ನ ಹೆರಿಗೆಗಳ ನಡುವಿನ ವರ್ಷಗಳು ಹೇಗೆ ಉದ್ದವಾಗುತ್ತ ಬಂದವೆಂದು ಅವಳ ಮೈಗೇ ಗೊತ್ತಿತ್ತು. ಯಮುನ ಹೋದ ಮೇಲೆ ಅವಳು ಊಟ ಬಿಡುತ್ತಿದ್ದಳು. ಬಸುರಿಗೆ ವಾಕರಿಕೆ ಎಂದು ಹಾಲಮ್ಮ ಸಂತೋಷಪಡುತ್ತಿದ್ದಳು.

"ಹೇಳ್ಬಿಡಿ ಅಮ್ಮ" ಎಂದೆ ನಾನು.

"ಹೇಳಿದ್ರೆ ನಾಕು ವರ್ಷದ ಸುಳ್ಳು ಹೊರಗೆ ಬರ್ತದೆ. ದೇವರ ಹೆಸರಲ್ಲಿ ಸುಳ್ಳು. ಮನೆಯಿಂದ ಹಾಕಿದ್ರೆ ನಿನ್ನ ಮನೇಲಿ ಇಟ್ಕಂತೀಯಾ?"

ನಾನು ಇರುವುದು ಒಂದೇ ಕೋಣೆಯ ಬಾಡಿಗೆ ಮನೆ.

೮

ಮಾರ್ಗಶಿರ. ಗದ್ದೆ ಕೊಯ್ಲು ಮುಗಿದು ಒಕ್ಕಣೆ ನಡೆಯುತ್ತಿತ್ತು. ಬೆಳಗಿನ ಚಳಿಗೆ ಬಾಯಿಂದ ಹೊಗೆ. ಹಾಲಮ್ಮ ಐದನೇ ತಿಂಗಳ ಹಸಿರು ಬಳೆ ತೊಡಿಸುವ ದಿನ ಗೊತ್ತು ಮಾಡಿ, ಬಳೆಗಾರ ಅಪ್ಪಯ್ಯನನ್ನು ಕರೆಸಿದಳು. ನಡುಮನೆಯಲ್ಲಿ ಕಂಬಳಿ ಹಾಸಿತ್ತು. ಬೀದಿಯ ಏಳೆಂಟು ಹೆಂಗಸರು ಸೇರಿದ್ದರು. ಅಪ್ಪಯ್ಯ ಹೊಸಿಲ ಪಕ್ಕ ಕೂತು ಬಳೆಯ ಮಲಾರ ಬಿಚ್ಚಿದ.

"ಕೈ ಕೊಡಿ ತಾಯಿ. ಮೂರು ಡಜನ್ ಇಡ್ತೀನಿ, ಗಂಡುಮಗ ಆದ್ಮೇಲೆ ಇನ್ನೊಂದು ಡಜನ್ ಸುಮ್ಮನೆ."

ಸುಮಿತ್ರಮ್ಮ ಕೈ ಚಾಚಲಿಲ್ಲ.

ಆಗ ಯಮುನ, ಗೋಡೆಗೆ ಒರಗಿ ನಿಂತವಳು, ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ನಂದೂ ಮೂರು ತಿಂಗಳು ತುಂಬ್ತು ವ್ರತ ಹಿಡಿದು. ಏನೂ ಆಗ್ಲಿಲ್ಲ. ನನ್ನ ಭಕ್ತಿಲೇ ಏನೋ ಕೊರತೆ."

(ಇಲ್ಲಿ ನಾನು ಹೆದರಿ, ಬಳೆಗಾರನಿಗೆ ಏನೋ ತಮಾಷೆ ಹೇಳಿಸಿ ಮಾತು ತಿರುಗಿಸಲು ನೋಡಿದೆ. ಅಪ್ಪಯ್ಯ ಬಾಯಿ ತೆರೆದ ಕೂಡ. ಸುಮಿತ್ರಮ್ಮ ಅವನ ಕಡೆ ಅಲ್ಲ, ನನ್ನ ಕಡೆ ನೋಡಿದಳು. ಪೆನ್ನು ಕೆಳಗಿಟ್ಟೆ.)

"ನಿನ್ನ ಭಕ್ತಿಲಿ ಕೊರತೆ ಇಲ್ಲ ಯಮುನ. ಗಂಡನ್ನ ಬಿಟ್ಟು ಚಾಪೆ ಮ್ಯಾಲೆ ಮಲಗಿದ್ರೆ ಮಗು ಎಲ್ಲಿಂದ ಬರ್ಬೇಕು? ನಾನು ವ್ರತ ಹಿಡಿದಿದ್ದು ಮಗು ಆಗ್ಲಿ ಅಂತಲ್ಲ. ಆಗದೆ ಇರ್ಲಿ ಅಂತ. ನಿಂಗೆ ಸುಳ್ಳು ಹೇಳ್ದೆ. ಇವತ್ತೇ ಬಿಡು ಅದನ್ನ. ಚಾಪೆ ಸುತ್ತಿ ಅಟ್ಟಕ್ಕೆ ಹಾಕು."

ಅತ್ತೆಯ ಕಡೆ ಮುಖ ಮಾಡಿದಳು.

"ನಂಗೆ ಬಸಿರೂ ಇಲ್ಲ ಅತ್ತೆ. ಐದು ತಿಂಗಳಾತು, ಒಳಗೆ ಏನೂ ಮಿಸುಕಿಲ್ಲ. ನಿಂತೋಗಿದೆ. ಅಷ್ಟೇ."

ಹೇಳುತ್ತಿರುವಾಗಲೇ ಅವಳ ಕುತ್ತಿಗೆಯಿಂದ ಕೆಂಪು ಏರಿತು. ಹಣೆ, ತುಟಿಯ ಮೇಲೆ, ರವಿಕೆಯ ಬೆನ್ನು, ಎಲ್ಲ ನೋಡನೋಡುತ್ತ ಒದ್ದೆಯಾಯಿತು. ಆ ಚಳಿಯಲ್ಲಿ, ಕಂಬಳಿ ಹೊದ್ದ ಹೆಂಗಸರ ನಡುವೆ, ಅವಳೊಬ್ಬಳು ಒಲೆಯೊಳಗಿಂದ ಎದ್ದು ಬಂದವಳ ಹಾಗೆ ಬೆವರಿಳಿಯುತ್ತ ಕೂತಿದ್ದಳು.

ಹಾಲಮ್ಮ ಎದ್ದಳು. ಅವಳು ಕೈ ಎತ್ತುತ್ತಾಳೆಂದು ನಾನು ಅಂದುಕೊಂಡೆ. ಎಲ್ಲರೂ ಅಂದುಕೊಂಡಿದ್ದರು. ಅವಳು ಸೀದಾ ಹಿತ್ತಲ ಬಾಗಿಲಿಗೆ ಹೋಗಿ, ಒಕ್ಕಣೆಗೆ ಬಂದಿದ್ದ ದೊಡ್ಡಿಯನ್ನು ಕೂಗಿದಳು.

"ದೊಡ್ಡಿ, ಒಳಗೆ ಬಾ."

"ಹೆರಿಗೆ ಇಲ್ವಲ್ಲ ಅವ್ವ."

"ಬಾ ಅಂದೆ."

ದೊಡ್ಡಿ ನಡುಮನೆಗೆ ಬಂದಳು. ಸುಮಿತ್ರಮ್ಮನನ್ನು ಕೋಣೆಗೆ ಕರೆದುಕೊಂಡು ಹೋಗಿ ನೋಡಿದಳು. ಹೊರಗೆ ಬಂದು ಹಾಲಮ್ಮನಿಗೆ ಹೇಳಿದಳು. "ಖಾಲಿ. ನಿಮ್ಮ ಸೊಸೆ ದಡ ಸೇರಿದ್ರು."

ಹಾಲಮ್ಮ ಕಂಬಳಿಯ ಮೇಲೆ ಕುಸಿದು ಕೂತಳು. ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ ಶುರು ಮಾಡಿದಳು.

"ನಂಗೂ ಹಿಂಗೇ ಆತು. ಮೈ ಸುಡೋದು. ಸಾಯ್ತೀನಿ ಅಂದ್ಕಂಡೆ. ಯಾರಿಗೂ ಹೇಳ್ಲಿಲ್ಲ. ಹನ್ನೊಂದು ಹೆತ್ತೋಳು ನಾನು. ಒಂದೊಂದು ಸಲ ಆ ಕೋಣೆಗೆ ಹೋಗುವಾಗ್ಲೂ ಬಾಗಿಲ್ನ ಹಿಂದಕ್ಕೆ ತಿರುಗಿ ನೋಡ್ತಿದ್ದೆ, ಮತ್ತೆ ದಾಟ್ತೀನೋ ಇಲ್ವೋ ಅಂತ. ನಮ್ಮಕ್ಕ ದಾಟ್ಲಿಲ್ಲ. ನನ್ನ ತಂಗಿನೂ ದಾಟ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೈನೆರೆದಾಗ ಹಸೆಮಣೆ ಹಾಕಿ, ಚಿಗಳಿ ತಂಬಿಟ್ಟು ಕೊಟ್ಟು, ಬೀದಿಗೆಲ್ಲಾ ಕೇಳಂಗೆ ಹಾಡಿದ್ರು. ನಿಂತಾಗ ಒಂದು ಲೋಟ ಪಾನಕ ಕೊಟ್ಟೋರಿಲ್ಲ. ಬರೋದೇನು ದೊಡ್ಡದು? ಬರ್ತದೆ, ಎಲ್ಲರಿಗೂ. ಅದು ನಿಲ್ಲೋತಂಕ ಉಳ್ಕಳದು ದೊಡ್ಡದು."

ಆಮೇಲೆ ಸೊಸೆಯ ಕಡೆ ತಿರುಗಿದಳು. "ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ನೀನು, ದೇವರು ಬಗೆಹರಿಸ್ಕಳಿ. ಗಂಡು ಬೇಕು ಗಂಡು ಬೇಕು ಅಂತ ನಾನು ನಿನ್ನ ಆ ಕೋಣೆಗೆ ದಬ್ಬೋದ್ರಲ್ಲಿದ್ದೆ. ಅದನ್ನ ಯಾರು ಬಗೆಹರಿಸ್ತಾರೆ? ಹಸೆಮಣೆ ತಗಂಬನ್ರೆ ಯಾರಾದ್ರೂ. ಆರತಿ ತಟ್ಟೆ ತನ್ನಿ. ಅಪ್ಪಯ್ಯ, ಬಳೆ ತೊಡಿಸು."

ಅಪ್ಪಯ್ಯ ಗಲಿಬಿಲಿಗೊಂಡ. ಮದುವೆ, ಬಸಿರು, ಹಬ್ಬ ಇವಿಷ್ಟೇ ಅವನಿಗೆ ಗೊತ್ತಿದ್ದ ಶಾಸ್ತ್ರ.

"ಯಾವ್ದಕ್ಕೆ ಅಂತ ತೊಡಿಸ್ಲಿ ಅವ್ವ?"

"ಗೆದ್ದಿದ್ದಕ್ಕೆ ಅಂತ ತೊಡಿಸು."

ಮೂರು ಡಜನ್ ಹಸಿರು ಬಳೆ. ಎರಡು ಕೈಯೂ ತುಂಬಿತು. ಬೆವರಿನಿಂದ ಬಳೆಗಳು ಸಲೀಸಾಗಿ ಜಾರಿದವು, ಒಂದೂ ಒಡೆಯಲಿಲ್ಲ. ಹೆಂಗಸರಿಗೆ ಯಾವ ಹಾಡು ಹೇಳಬೇಕೆಂದು ತಿಳಿಯದೆ ಮೈನೆರೆದವಳ ಹಾಡನ್ನೇ ಹಾಡಿದರು, ನಡುನಡುವೆ ನಕ್ಕು ಸಾಲು ಮರೆತರು. ದೊಡ್ಡಿಗೂ ಒಂದು ಹಿಡಿ ಚಿಗಳಿ ಸಿಕ್ಕಿತು. ಅವಳು ಅದನ್ನು ನಡುಮನೆಯಲ್ಲೇ ನಿಂತು ತಿಂದಳು. ಯಮುನ ಆರತಿ ಮುಗಿಯುವ ಮೊದಲೇ ಓಡಿದಳು. ಚಾಪೆ ಸುತ್ತಲು ಎಂದು ಯಾರೋ ಚುಡಾಯಿಸಿದರು.

(ಇಂಥ ಶಾಸ್ತ್ರ ಕೊಡಗಿನಲ್ಲಿ ಎಲ್ಲೂ ಇರಲಿಲ್ಲ, ನೀನು ಹುಟ್ಟಿಸಿದ್ದು ಎಂದು ಬಲ್ಲವರು ಪತ್ರ ಬರೆಯಬಹುದು. ಇರಲಿಲ್ಲ, ಒಪ್ಪುತ್ತೇನೆ. ಆದರೆ ಹುಟ್ಟಿಸಿದ್ದು ನಾನಲ್ಲ. ನನಗೆ ಅಷ್ಟು ಬುದ್ಧಿಯಿಲ್ಲ. ಹಾಲಮ್ಮ.)

೯

ಮಲ್ಲಪ್ಪ ಕಣದಿಂದ ಬಂದಾಗ ಹಾಡು ಕೇಳಿ ಅಂಗಳದಲ್ಲೇ ನಿಂತ. ಮೈತುಂಬ ಹೊಟ್ಟಿನ ಪುಡಿ. ಅವನಿಗೆ ಏನೂ ಗೊತ್ತಿಲ್ಲ. ಹೇಗೆ ತಿಳಿಸುವುದೆಂದು ನಾನು ಮೂರು ವಾಕ್ಯ ಬರೆದು ಮೂರನ್ನೂ ಹೊಡೆದು ಹಾಕುವಷ್ಟರಲ್ಲಿ ಸುಮಿತ್ರಮ್ಮನೇ ಹೊರಗೆ ಬಂದಳು. ಎಲ್ಲ ಹೇಳಿದಳು. ಬಸಿರಲ್ಲ ಎಂದು. ಮುಟ್ಟು ನಿಂತಿದ್ದು ಎಂದು. ವ್ರತಗಳೆಲ್ಲ ಯಾಕೆಂದು.

ಅವನು ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಹಂಗಾದ್ರೆ ನೀನು ಉಳ್ಕಂಡೆ."

"ಉಳ್ಕಂಡೆ."

"ದೊಡ್ಡಿ ಆವತ್ತು ಹೇಳಿದ್ದು ನಂಗೂ ಕೇಳಿಸಿತ್ತು. ಜಗಲಿ ಮ್ಯಾಲೇ ಇದ್ದೆ." ಟವೆಲು ಕೊಡವಿದ. "ನೀನು ವ್ರತ ಹಿಡಿದಿದ್ದು ಯಾಕೆ ಅಂತ ನಂಗೆ ಮೊದ್ಲೇ ಅನುಮಾನ ಇತ್ತು. ಕೇಳಿದ್ರೆ ಬಿಟ್ಟುಬಿಡ್ತೀಯೇನೋ ಅಂತ ಕೇಳ್ಲಿಲ್ಲ."

(ನೋಡಿದಿರಾ. ಕಲ್ಲುಸಕ್ಕರೆಯ ದಿನ ಅವನ ಮುಖ ಸರಿಯಾಗಿ ನೋಡಿದ್ದರೆ ನಾನೂ ಇದನ್ನು ಊಹಿಸುತ್ತಿದ್ದೆ. ಕುಡುಕನನ್ನಾಗಿ ಮಾಡಲು ಹೊರಟಿದ್ದೆನಲ್ಲ.)

ಹಿತ್ತಲ ಬಾಗಿಲಿನಿಂದ ದೊಡ್ಡಿ ಎಚ್ಚರಿಕೆ ಕೂಗಿದಳು. ವರ್ಷ ತುಂಬುವವರೆಗೂ ಪೂರ್ತಿ ನಂಬುವಂತಿಲ್ಲ, ಕೆಲವರಿಗೆ ನಿಂತದ್ದು ತಿರುಗಿ ಬರುವುದುಂಟು, ಅಲ್ಲಿಯವರೆಗೆ ಹುಷಾರು.

"ಹಂಗಾದ್ರೆ ಬುಧವಾರ ನಾನು ಹಿಡೀತೀನಿ" ಎಂದ ಮಲ್ಲಪ್ಪ.

"ಯಾವ ದೇವರಿಗೆ?"

"ಹುಡುಕ್ತೀನಿ. ಶನಿವಾರಸಂತೆಲಿ ಯಾರ್ನಾದ್ರೂ ಕೇಳ್ತೀನಿ."

೧೦

ಇಲ್ಲಿಗೆ ಮುಗಿಸಬಹುದು. ಮುಗಿಸಲು ಕೂತೆ. ಅವಳು ಬಿಡಲಿಲ್ಲ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ, ಕೊಡ್ಲಿಪೇಟೆಯ ಅರಳಿಕಟ್ಟೆಯ ಬಳಿ ಮೋಟಾರು ಬಸ್ಸು ನಿಂತಿದೆ. ಸುಮಿತ್ರಮ್ಮ ಕಿಟಕಿಯ ಪಕ್ಕ ಕೂತಿದ್ದಾಳೆ. ಮಡಿಲಲ್ಲಿ ಬುತ್ತಿಯ ಗಂಟು. ಹದಿನಾರನೇ ವಯಸ್ಸಿನಿಂದ ಇವತ್ತಿನವರೆಗೆ ಅವಳು ಎಲ್ಲಿಗೇ ಹೋದರೂ ಹೊಟ್ಟೆಯಲ್ಲಿ ಒಂದು, ಇಲ್ಲದಿದ್ದರೆ ಸೊಂಟದ ಮೇಲೆ ಒಂದು, ಎರಡೂ ಇಲ್ಲದಾಗ ಎದೆಯ ಮೇಲೆ ಭಯ. ಇವತ್ತು ಬುತ್ತಿಯ ಗಂಟು ಮಾತ್ರ. ಪಕ್ಕದಲ್ಲಿ ಹಾಲಮ್ಮ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಸ್ಸು ಇನ್ನೂ ಹೊರಟಿಲ್ಲವಾದರೂ. ಇಬ್ಬರೂ ಉಪ್ಪು ಖಾರ ಹಚ್ಚಿದ ಹುಣಸೆಹಣ್ಣು ಚೀಪುತ್ತಿದ್ದಾರೆ. ಕೆಳಗೆ ಮಲ್ಲಪ್ಪ, ಒಂಬತ್ತು ವರ್ಷದ ಮಗಳ ಕೈ ಹಿಡಿದುಕೊಂಡು. ಅಡುಗೆ ಅವನದ್ದಂತೆ, ಎಷ್ಟು ದಿನ ಎಂದು ಯಾರೂ ಹೇಳಿಲ್ಲ.

ನಾನು ಓಡಿ ಬಂದು ಕಿಟಕಿ ಹಿಡಿದೆ. ಕೇಳಬೇಕಾದದ್ದು ಎಷ್ಟೊಂದು ಉಳಿದಿದೆ. ನಿಂತದ್ದು ತಿರುಗಿ ಬಂತೇ? ಯಮುನಳಿಗೆ ಏನಾಯಿತು, ತಿಂಗಳುಗಳು ಸಾಕಾದವೇ? ನೀವು ಎಷ್ಟನೇ ವಯಸ್ಸಿನವರೆಗೆ ಬದುಕಿದಿರಿ, ಹೇಗೆ ಹೋದಿರಿ? ಓದುವವರು ಕೇಳುತ್ತಾರೆ, ನಾನೇನು ಹೇಳಲಿ?

"ಹೋಗೋ ಮಾತು ಬರೀಬ್ಯಾಡ" ಎಂದಳು ಸುಮಿತ್ರಮ್ಮ. "ನೂರು ಕಥೆಲಿ ಸಾಯ್ತೀವಿ ನಾವು. ಇದೊಂದ್ರಲ್ಲಿ ಬಿಡು."

"ಆಯ್ತಮ್ಮ. ಇದೊಂದಾದ್ರೂ ಹೇಳಿ. ಈಗ ಎಲ್ಲಿಗೆ ಹೊರಟಿದ್ದೀರಿ? ಮಗಳ ಮನೆಗಾ? ಫ್ರೇಜರ್‌ಪೇಟೆಗೆ, ಕಾವೇರಿ ಸ್ನಾನಕ್ಕಾ? ಒಂದು ಊರಿನ ಹೆಸರು ಕೊಟ್ಟರೆ ಕೊನೆಯ ಸಾಲು ಬರೆದುಬಿಡ್ತೀನಿ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಸ್ಸು ನಡುಗಿ, ಕೆಮ್ಮಿ, ಹೊರಟಿತು.

"ಅದನ್ನ ಟಿಕೀಟು ಕೊಡೋನಿಗೆ ಹೇಳ್ತೀನಿ ಕಣಪ್ಪ" ಎಂದಳು ಸುಮಿತ್ರಮ್ಮ. "ನಿಂಗಲ್ಲ."